ಎರಡು ಗೇಟ್‌ವೇ, ಎರಡೂ ಮಾಸ್ಟರ್: ನನ್ನ ಅನುಭವ

ಒಂದು ರೂಟರ್ ಕೆಟ್ಟರೆ ಇನ್ನೊಂದು ಅದೇ ಗೇಟ್‌ವೇ (ನೆಟ್‌ವರ್ಕ್‌ನಿಂದ ಹೊರಹೋಗುವ ಬಾಗಿಲು) ವಿಳಾಸ ಹಿಡಿದು ಕೆಲಸ ಮುಂದುವರಿಸುವ ವ್ಯವಸ್ಥೆಗೆ ವಿಆರ್‌ಆರ್‌ಪಿ ಅನ್ನುತ್ತಾರೆ. ಬೇರೆ ಬೇರೆ ಡಬ್ಬಗಳ ನಡುವೆ ಅದು ನಿಲ್ಲಲ್ಲ, ಒಂದೇ ಕಂಪನಿಯ ಎರಡು ರೂಟರ್ ತಗೊಳ್ಳಿ ಅಂತ ಎಲ್ಲರೂ ಹೇಳಿದ್ದರು. ಕೊಟೇಶನ್ ಸುಮಾರು ಎರಡು ಲಕ್ಷ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದ ಹಳೇ ರೂಟರ್ ಪಕ್ಕಕ್ಕೆ ಸೆಕೆಂಡ್‌ಹ್ಯಾಂಡ್ ಪಿಸಿ ಇಟ್ಟು, ಲಿನಕ್ಸ್ ಮತ್ತು ವಿಆರ್‌ಆರ್‌ಪಿ ನಡೆಸುವ ಕೀಪ್‌ಅಲೈವ್‌ಡಿ ಎಂಬ ತಂತ್ರಾಂಶ ಹಾಕಿದೆ. ನೆಟ್‌ವರ್ಕ್ ಕಾರ್ಡ್ ಸೇರಿ ಹನ್ನೊಂದು ಸಾವಿರ ಆಗಿರಬೇಕು. ನಾಲ್ಕು ತಿಂಗಳಾಯಿತು, ಗಟ್ಟಿಯಾಗಿ ನಡೆಯುತ್ತಿದೆ.

ಆದರೆ ಮೊದಲ ಒಂಬತ್ತು ದಿನ ನನಗೆ ನಿದ್ದೆ ಇರಲಿಲ್ಲ. ಪ್ರಯಾರಿಟಿ ಹೆಚ್ಚಿರುವವನು ಮಾಸ್ಟರ್, ಅಂದರೆ ವಿಳಾಸ ಹಿಡಿದು ಕೆಲಸ ಮಾಡುವವನು. ಇನ್ನೊಬ್ಬ ಬ್ಯಾಕಪ್, ಮಾಸ್ಟರ್‌ನ ಪ್ಯಾಕೆಟ್ ನಿಂತರೆ ಮಾತ್ರ ಏಳುವವನು. ರೂಟರ್ ಪ್ರಯಾರಿಟಿ 110, ಪಿಸಿಯದು 100. ಪಿಸಿ ಬ್ಯಾಕಪ್ ಆಗಿ ಕೂರಬೇಕು ಅಲ್ವಾ? ಆನ್ ಆದ ಮೂರೂವರೆ ಸೆಕೆಂಡಿಗೆ ಅದೂ ಮಾಸ್ಟರ್. ಗೇಟ್‌ವೇ ವಿಳಾಸ 192.168.20.1 ನಂದು ಅಂತ ಇಬ್ಬರೂ ಕೂಗುತ್ತಿದ್ದರು, ಬಿಲ್ಲಿಂಗ್ ನಿಂತು ನಿಂತು ನಡೆಯುತ್ತಿತ್ತು.

ಮಾಸ್ಟರ್ ಕಳಿಸುವ ಮಲ್ಟಿಕಾಸ್ಟ್ (ಒಂದೇ ಸಲಕ್ಕೆ ಹಲವರಿಗೆ ಹೋಗುವ) ಪ್ಯಾಕೆಟನ್ನು ಸ್ವಿಚ್ ನುಂಗುತ್ತಿದೆ ಅಂದುಕೊಂಡು, ಅಂಥ ಪ್ಯಾಕೆಟ್ ಯಾವ ಪೋರ್ಟಿಗೆ ಹೋಗಬೇಕು ಅಂತ ಸ್ವಿಚ್ ಆರಿಸುವ ಐಜಿಎಂಪಿ ಸ್ನೂಪಿಂಗ್ ಆಫ್ ಮಾಡಿದೆ. ಆಮೇಲೆ ಹದಿನಾಲ್ಕು ಸಾವಿರ ಕೊಟ್ಟು ಸ್ವಿಚ್ಚನ್ನೇ ಬದಲಿಸಿದೆ. ಆ ದುಡ್ಡು ಸುಮ್ನೆ ಹೋಯಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಫೈರ್‌ವಾಲ್ ಕೂಡ ಕಾರಣವಲ್ಲ, ಅದರಲ್ಲಿ ವಿಆರ್‌ಆರ್‌ಪಿಯ ಪ್ರೋಟೋಕಾಲ್ 112 ತೆರೆದೇ ಇತ್ತು.

ಕೊನೆಗೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ವಿಆರ್‌ಆರ್‌ಪಿಯ ಮಲ್ಟಿಕಾಸ್ಟ್ ವಿಳಾಸ 224.0.0.18ಕ್ಕೆ ರೂಟರ್‌ನ ಪ್ಯಾಕೆಟ್ ಸೆಕೆಂಡಿಗೊಂದು ಬರುತ್ತಲೇ ಇದೆ. ಬಂದರೂ ಪಿಸಿ ಲೆಕ್ಕಕ್ಕೆ ತಗೊಳ್ಳುತ್ತಿಲ್ಲ. ಅಂದರೆ ದಾರಿ ಸರಿ ಇದೆ, ಒಳಗಿನ ಸರಕು ಸರಿ ಇಲ್ಲ. ವಿವರವಾಗಿ ತೋರಿಸುವ ವರ್ಬೋಸ್ ಹಾಕಿ ನೋಡಿದರೆ ಪ್ಯಾಕೆಟ್‌ನಲ್ಲಿ ಎರಡು ವಿಳಾಸ! ಯಾವತ್ತೋ ಯಾರೋ ಪ್ರಿಂಟರ್‌ಗಳಿಗೆ ಅಂತ 192.168.21.1 ಅನ್ನೂ ರೂಟರ್‌ನ ಅದೇ ವಿಆರ್‌ಆರ್‌ಪಿ ಗ್ರೂಪ್ 20ಕ್ಕೆ ಸೇರಿಸಿದ್ದರು. ನನ್ನ ಪಿಸಿಯಲ್ಲಿ ಇದ್ದದ್ದು ಒಂದೇ. 2004ರ ಆರ್‌ಎಫ್‌ಸಿ 3768 (ವಿಆರ್‌ಆರ್‌ಪಿ ವರ್ಷನ್ 2ರ ನಿಯಮ ಪುಸ್ತಕ) ಪ್ರಕಾರ ಪ್ಯಾಕೆಟ್‌ನ ಈ ವಿಳಾಸ ಪಟ್ಟಿಯನ್ನು ತನ್ನ ಪಟ್ಟಿಯ ಜೊತೆ ತಾಳೆ ನೋಡಲೇಬೇಕು ಅಂತಿಲ್ಲ, ಆದರೆ ನೋಡಿ ತಾಳೆ ಆಗದಿದ್ದರೆ, ಕಳಿಸಿದವನ ಪ್ರಯಾರಿಟಿ 255 (ಅಂದರೆ ಆ ವಿಳಾಸದ ಸ್ವಂತ ಒಡೆಯ) ಅಲ್ಲದಿದ್ದರೆ, ಪ್ಯಾಕೆಟ್ ಬಿಸಾಡಲೇಬೇಕು. ಕೀಪ್‌ಅಲೈವ್‌ಡಿ ತಾಳೆ ನೋಡುತ್ತದೆ. ರೂಟರ್‌ಗೆ ಇದರ ಬಿಸಿಯೇ ತಟ್ಟಲಿಲ್ಲ, ಯಾಕೆಂದರೆ ತನಗಿಂತ ಕಡಿಮೆ ಪ್ರಯಾರಿಟಿಯ ಪ್ಯಾಕೆಟ್ ಬಂದರೆ ಮಾಸ್ಟರ್ ಹೇಗೂ ಕದಲುವುದಿಲ್ಲ.

ಎರಡನೇ ವಿಳಾಸವನ್ನು ಮೊದಲು ಕೀಪ್‌ಅಲೈವ್‌ಡಿಯ ಎಕ್ಸ್‌ಕ್ಲೂಡೆಡ್ ಪಟ್ಟಿಗೆ ಹಾಕಿದೆ. ಅದೇ ಗಲಾಟೆ. ಆ ಪಟ್ಟಿಯ ವಿಳಾಸ ಪ್ಯಾಕೆಟ್‌ನ ಲೆಕ್ಕಕ್ಕೆ ಬರುವುದೇ ಇಲ್ಲ. ಮುಖ್ಯ ಪಟ್ಟಿಗೆ ತಂದೆ, ರೀಲೋಡ್ ಮಾಡಿದೆ, ಪಿಸಿ ತೆಪ್ಪಗೆ ಬ್ಯಾಕಪ್ ಆಯಿತು. ಒಂಬತ್ತು ದಿನದ ಕಾಟಕ್ಕೆ ಒಂದು ಸಾಲಿನ ಮದ್ದು. ಆ ರಾತ್ರಿ ನನಗಾದ ಖುಷಿ ಹೇಳತೀರದು.

ಅಷ್ಟಕ್ಕೇ ಬಿಡದೆ ಎರಡೂ ಕಡೆ ವಿಆರ್‌ಆರ್‌ಪಿ ವರ್ಷನ್ 3 ಹಾಕಿ, ಅಡ್ವರ್ಟ್ (ನಾನಿದ್ದೇನೆ ಅಂತ ಮಾಸ್ಟರ್ ಕಳಿಸುವ ಪ್ಯಾಕೆಟ್) ಸಮಯವನ್ನು 20 ಸೆಂಟಿಸೆಕೆಂಡಿಗೆ, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕೆ, ಇಳಿಸಿ ನೋಡಿದೆ. ಫೈಲ್‌ಗಳ ನಕಲು ಓಡುವಾಗ ಪಿಸಿ ಉಸಿರುಗಟ್ಟಿ ಮತ್ತೆ ಮಾಸ್ಟರ್ ಆಯಿತು. ವಾಪಸ್ ಒಂದು ಸೆಕೆಂಡಿಗೇ ಬಂದೆ. ಇನ್ನೊಂದು ತೊಂದರೆ ಹಾಜರಿ ಮೆಷಿನ್‌ದು, ಗೇಟ್‌ವೇ ಬದಲಾದರೂ ಅದು ಹಳೇ ಮ್ಯಾಕನ್ನೇ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಹಿಡಿದು ಕೂರುತ್ತಿತ್ತು. ಮಾಸ್ಟರ್ ಯಾರೇ ಆದರೂ ಒಂದೇ ಮ್ಯಾಕ್ ಕಾಣಲಿ ಅಂತ ಕೀಪ್‌ಅಲೈವ್‌ಡಿಯಲ್ಲಿ ವರ್ಚುವಲ್ ಮ್ಯಾಕ್ ಆನ್ ಮಾಡಿದೆ, ಗ್ರೂಪ್ 20 ಆದ್ದರಿಂದ ಅದರ ಕೊನೆಯ ಬೈಟ್ ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) 14 ಬರುತ್ತದೆ. ಜೊತೆಗೆ ಕರ್ನಲ್‌ನಲ್ಲಿ ಎರಡು ಸೆಟ್ಟಿಂಗ್ ಬದಲಿಸಬೇಕು. ಅವು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ಕಳೆದ ವಾರ ಮಾಲೀಕರ ಎದುರಿಗೇ ರೂಟರ್‌ನ ಪವರ್ ಕಿತ್ತೆ. ನಾಲ್ಕು ಪಿಂಗ್ ಹೋದವು, ಐದನೆಯದು ಬಂತು. ಗೋಡೌನಿಗೂ ಹೀಗೇ ಮಾಡಿಕೊಡಿ ಅಂದರು, ಹಳೇ ಪಿಸಿ ಹುಡುಕುತ್ತಿದ್ದೇನೆ.