ಹಳದಿ ನೀರು ಹಸಿರಾಗುವ ತನಕ

ಪೀಣ್ಯದ ಒಂದು ಸಣ್ಣ ಪ್ಲೇಟಿಂಗ್ ಶೆಡ್‌ನಲ್ಲಿ ನಾನು ಈಟಿಪಿ, ಅಂದರೆ ಕೊಳಕು ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುತ್ತೇನೆ. ಕಬ್ಬಿಣದ ಸಾಮಾನಿಗೆ ಮೊದಲು ನಿಕಲ್, ಅದರ ಮೇಲೆ ತೆಳ್ಳಗೆ ಕ್ರೋಮ್ ಹಾಕಿಕೊಡುವ ಜಾಬ್ ವರ್ಕ್ ನಮ್ಮದು. ಕೆಲಸಕ್ಕೆ ಸೇರಿದ ದಿನ ನನಗೆ ಸಿಕ್ಕ ಟ್ರೈನಿಂಗ್ ಒಂದೇ ಮಾತು: "ಹಿಂದುಗಡೆ ಟ್ಯಾಂಕ್ ಇದೆ, ಸುಣ್ಣ ಹಾಕಿ ತಿರುಗಿಸ್ತಾ ಇರು."

ಹಾಕಿದೆ. ಕ್ರೋಮ್ ತೊಳೆದ ನೀರು ನಿಂಬೆ ಶರಬತ್ತಿನ ಹಾಗೆ ಹಳದಿ ಇರುತ್ತದೆ. ಸುಣ್ಣ ಹಾಕಿದೆ, ಒಂದಿಷ್ಟು ಕೆಸರು ತಳಕ್ಕೆ ಕೂತಿತು, ಮೇಲಿನ ನೀರು ಮಾತ್ರ ಹಳದಿಯಾಗೇ ಉಳಿಯಿತು. ಸುಣ್ಣ ಸಾಲಲಿಲ್ಲ ಅಂದುಕೊಂಡು ಇನ್ನೂ ಹಾಕಿದೆ. ಅರ್ಧ ಚೀಲ ಖಾಲಿಯಾಯಿತು, ಬಣ್ಣ ಅಲ್ಲಾಡಲಿಲ್ಲ. ಕೊನೆಗೆ ಕೆಮಿಕಲ್ ಅಂಗಡಿಯವರೇ ನಗುತ್ತಾ ಬಿಡಿಸಿ ಹೇಳಿದರು. ನೀರು ಹಳದಿ ಇರುವಾಗ ಅದರಲ್ಲಿರುವುದು ಹೆಕ್ಸಾವಲೆಂಟ್ ಕ್ರೋಮಿಯಂ, ಕ್ರೋಮಿಯಂನ ವಿಷಕಾರಿ ರೂಪ. ಅದು ಸುಣ್ಣಕ್ಕೆ ಬಗ್ಗುವುದಿಲ್ಲ. ಮೊದಲು ಅದನ್ನು ಟ್ರೈವಲೆಂಟ್ ಅನ್ನುವ, ಸುಣ್ಣಕ್ಕೆ ತಳ ಕೂರುವ ರೂಪಕ್ಕೆ ಇಳಿಸಬೇಕು, ಆಮೇಲೆ ಸುಣ್ಣ. ಇಳಿಸುವುದಕ್ಕೆ ಆ್ಯಸಿಡ್ ಬೇಕು. ನಾನು ಮಾಡಿದ್ದು ಪೂರ್ತಿ ಉಲ್ಟಾ.

ಈಗ ಮಾಡುವ ಕ್ರಮ ಹೀಗಿದೆ. ಟ್ಯಾಂಕ್ ತುಂಬಿದ ಮೇಲೆ ಆ್ಯಸಿಡ್ ಬಿಟ್ಟು ಪಿಎಚ್ 2.5ರ ಹತ್ತಿರ ತರುತ್ತೇನೆ. ಹೊಸ ಆ್ಯಸಿಡ್ ಯಾಕೆ ಸುಮ್ನೆ? ತುಕ್ಕು ತೆಗೆಯುವ ತೊಟ್ಟಿಯ ಸತ್ತ ಆ್ಯಸಿಡ್ ಇದ್ದೇ ಇರುತ್ತದೆ. ಅದರಲ್ಲಿ ಕರಗಿರುವ ಕಬ್ಬಿಣವೂ ಕ್ರೋಮಿಯಂ ಇಳಿಸಲು ಒಂದು ಕೈ ಹಚ್ಚುತ್ತದೆ. ಆದರೆ ಅದರಿಂದ ಕೆಸರು ಜಾಸ್ತಿ ಆಗುತ್ತದೆ, ಹಾಗಾಗಿ ಅಳತೆ ನೋಡಿ ಬಿಡುತ್ತೇನೆ.

ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್, ನಮ್ಮ ಬಾಯಲ್ಲಿ ಮೆಟಾ. ಕ್ರೋಮಿಯಂ ಇಳಿಸುವ ಮುಖ್ಯ ಪುಡಿ ಇದೇ. ಲೆಕ್ಕದ ಪ್ರಕಾರ ಒಂದು ಕೆಜಿ ಹೆಕ್ಸಾವಲೆಂಟ್ ಕ್ರೋಮಿಯಂಗೆ ಸುಮಾರು 3 ಕೆಜಿ ಬೇಕು, ನಿಜವಾಗಿ ಹಾಕುವಾಗ ಅದಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಬಕೆಟ್‌ನಲ್ಲಿ ಕರಗಿಸಿ ನಿಧಾನಕ್ಕೆ ಬಿಡಬೇಕು. ಪುಡಿಯನ್ನೇ ಸುರಿದರೆ ಬೆಂಕಿಕಡ್ಡಿ ಗೀರಿದಾಗ ಬರುವಂಥ ಘಾಟು ಏಳುತ್ತದೆ. ಅದು ಸಲ್ಫರ್ ಡೈಆಕ್ಸೈಡ್. ಒಮ್ಮೆ ಅವಸರ ಮಾಡಿ ಕಣ್ಣುಜ್ಜುತ್ತಾ ಹೊರಗೆ ಓಡಿದ್ದೇನೆ. ನೀರಲ್ಲಿ ಕೆಲಸ ಮಾಡಬೇಕಾದ ಮೆಟಾ ಗಾಳಿಗೆ ಹೋಯಿತು, ದುಡ್ಡೂ ಅದರ ಜೊತೆ.

ಬಣ್ಣ ತಿರುಗುವುದನ್ನು ನೋಡಲು ನನಗೆ ಈಗಲೂ ಖುಷಿ. ಗಾಜಿನ ಲೋಟದಲ್ಲಿ ನೀರು ತೆಗೆದು ಹಿಂದೆ ಬಿಳಿ ಕಾಗದ ಹಿಡಿಯುತ್ತೇನೆ. ಹಳದಿ ಮೊದಲು ಮಾಸುತ್ತದೆ, ಕೊಳಕು ಪಾಚಿಯ ಬಣ್ಣಕ್ಕೆ ಬರುತ್ತದೆ, ಕೊನೆಗೆ ತಿಳಿ ಹಸಿರು. ಆದರೆ ಕಣ್ಣನ್ನು ನಂಬಿ ಕೂರುವ ಹಾಗಿಲ್ಲ. ಹೊರಗೆ ಬಿಡುವ ನೀರಿನಲ್ಲಿ ಹೆಕ್ಸಾವಲೆಂಟ್ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ಅಷ್ಟು ಕಡಿಮೆ ಇದ್ದಾಗ ನೀರು ಕುಡಿಯುವ ನೀರಿನ ಹಾಗೇ ಕಾಣುತ್ತದೆ. ಅದಕ್ಕೇ, ಕ್ರೋಮಿಯಂ ಎಷ್ಟರ ಮಟ್ಟಿಗೆ ಇಳಿದಿದೆ ಅಂತ ಸೂಚಿಸುವ ಓಆರ್‌ಪಿ ಮೀಟರ್ 250 ಮಿಲಿವೋಲ್ಟ್ ಆಸುಪಾಸು ಇಳಿದ ಮೇಲೂ ಇಪ್ಪತ್ತು ನಿಮಿಷ ತಿರುಗಿಸಿ, ಡೈಫೆನೈಲ್ ಕಾರ್ಬಜೈಡ್ ನಾಲ್ಕು ಹನಿ ಹಾಕಿ ನೋಡುತ್ತೇನೆ. ನೇರಳೆ ಬಣ್ಣ ಮೂಡಿದರೆ ಇನ್ನೂ ಉಳಿದಿದೆ ಅಂತ ಅರ್ಥ. ಪೀಣ್ಯದ ಬೋರ್‌ವೆಲ್ ನೀರಿನಲ್ಲಿ ಸಿಕ್ಕಿದ್ದು ಇದೇ ಕ್ರೋಮಿಯಂ ಅಲ್ವಾ? ಹಾಗಾಗಿ ಆ ನಾಲ್ಕು ಹನಿಗೆ ನಾನು ಜಿಪುಣತನ ಮಾಡುವುದಿಲ್ಲ.

ಸುಣ್ಣದ ಸರದಿ ಈಗ. ಇಲ್ಲೂ ಒಂದು ತಕರಾರು ಇದೆ. ಕ್ರೋಮಿಯಂ ಪಿಎಚ್ 8.5ಕ್ಕೆ ಚೆನ್ನಾಗಿ ಕೂರುತ್ತದೆ. ನಿಕಲ್‌ಗೆ 10ರ ಹತ್ತಿರ ಬೇಕು. ನಿಕಲ್‌ಗಾಗಿ ಏರಿಸುತ್ತಾ ಹೋದರೆ, ಕೂತಿದ್ದ ಕ್ರೋಮಿಯಂ ಮತ್ತೆ ಕರಗಲು ಶುರು. ಎರಡೂ ಒಂದೇ ಟ್ಯಾಂಕಿಗೆ ಬರುತ್ತಿದ್ದಾಗ 9, 9.5ರಲ್ಲಿ ಹೇಗೋ ಸಂಭಾಳಿಸುತ್ತಿದ್ದೆ. ಒಂದು ದಿನ ಇದು ಸರಿ ಇದ್ದರೆ ಇನ್ನೊಂದು ದಿನ ಅದು ಕೈಕೊಡುತ್ತಿತ್ತು. ಮಾಲೀಕರ ಬೆನ್ನು ಬಿದ್ದು ನಿಕಲ್ ನೀರಿಗೆ ಬೇರೆ ಪೈಪು ಹಾಕಿಸಿದ ಮೇಲೇ ನಿದ್ದೆ ಬಂದಿದ್ದು. ನಮ್ಮಲ್ಲಿ ಸಯನೈಡ್ ಬಾತ್, ಅಂದರೆ ಸಯನೈಡ್ ಬಳಸುವ ಪ್ಲೇಟಿಂಗ್ ತೊಟ್ಟಿ, ಇಲ್ಲ. ಇರುವವರು ಅದರ ನೀರನ್ನು ಯಾವ ಕಾರಣಕ್ಕೂ ಆ್ಯಸಿಡ್ ನೀರಿನ ಹತ್ತಿರ ಬಿಡಬಾರದು. ಏಳುವ ಗಾಳಿ ಜೀವ ತೆಗೆಯುತ್ತದೆ.

ಕೆಸರು ಗುಂಪುಗೂಡಲು ಪಾಲಿ (ಪಾಲಿಎಲೆಕ್ಟ್ರೋಲೈಟ್ ಪುಡಿ) ಹಾಕುತ್ತೇವೆ. ಮೊದಲು ಬೇರೆಯಾಗಿ ಲೀಟರ್ ನೀರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕರಗಿಸಿಕೊಂಡು, ಆ ದ್ರಾವಣವನ್ನು ಟ್ಯಾಂಕಿಗೆ ಸ್ವಲ್ಪವೇ ಬಿಡುತ್ತೇವೆ. ಅಂಬಲಿಗೆ ಹಿಟ್ಟು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದಲ್ಲ, ಇದೂ ಹಾಗೇ. ಚಿಟಿಕೆ ಚಿಟಿಕೆಯಾಗಿ ಉದುರಿಸಿ ಕಲಸಿಟ್ಟುಕೊಳ್ಳಬೇಕು. ಟ್ಯಾಂಕಿಗೆ ಬಿಟ್ಟ ಮೇಲೆ ಜೋರಾಗಿ ತಿರುಗಿಸಬಾರದು. ಹಾಲು ಒಡೆದ ಹಾಗೆ ನೀರು ಬೇರೆ, ಕೆಸರು ಬೇರೆ ಆಗುತ್ತದೆ. ಆ ಕೆಸರು ನೀರು ಹಿಂಡುವ ಫಿಲ್ಟರ್ ಪ್ರೆಸ್‌ಗೆ, ಅಲ್ಲಿಂದ ಚೀಲಕ್ಕೆ, ಚೀಲ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ. ತೂಕಕ್ಕೆ ದುಡ್ಡು ಕಟ್ಟಬೇಕು, ಹಾಗಾಗಿ ಹಸಿ ಕೆಸರು ಕಳಿಸಿದರೆ ನೀರಿಗೂ ದುಡ್ಡು ಕೊಟ್ಟ ಹಾಗೆ.

ಇಷ್ಟೆಲ್ಲ ಕಲಿತ ಮೇಲೆ ಗೊತ್ತಾಗಿದ್ದು, ನನ್ನ ಅರ್ಧ ಕೆಲಸ ಹಿಂದುಗಡೆ ಅಲ್ಲ, ಮುಂದುಗಡೆ ಕ್ರೋಮ್ ತೊಟ್ಟಿಯ ಹತ್ತಿರ ಇದೆ ಅಂತ. ಸಾಮಾನು ನೇತುಹಾಕಿ ಅದ್ದುವ ಚೌಕಟ್ಟಿಗೆ ಜಿಗ್ ಅನ್ನುತ್ತೇವೆ. ಜಿಗ್ ಎತ್ತಿದ ಕೂಡಲೇ ತೊಳೆಯುವ ತೊಟ್ಟಿಗೆ ಅದ್ದಿದರೆ, ಅಂಟಿಕೊಂಡ ಕ್ರೋಮ್ ಎಲ್ಲ ನನ್ನ ತಲೆಗೇ ಬರುತ್ತದೆ. "ತೊಟ್ಟಿ ಮೇಲೆ ಹತ್ತು ಎಣಿಸೋ ತನಕ ಹಿಡಿ, ತೊಟ್ಟಿಕ್ಕಲಿ" ಅಂದೆ. ಜಿಗ್ ಹುಡುಗ ಕೇಳಬೇಕಲ್ಲ. "ಅಣ್ಣ, ನಂಗೆ ಪೀಸ್ ಲೆಕ್ಕದಲ್ಲಿ ಕೂಲಿ. ಹತ್ತು ಎಣಿಸೋಷ್ಟರಲ್ಲಿ ಇನ್ನೊಂದು ಜಿಗ್ ಕಟ್ತೀನಿ" ಅಂದ. ಅವನ ಮಾತೂ ಸರಿಯೇ. ತೊಟ್ಟಿಯ ಮೇಲೆ ಅಡ್ಡಕ್ಕೆ ಒಂದು ಪಿವಿಸಿ ಪೈಪು ಕಟ್ಟಿಕೊಟ್ಟೆ. ಎತ್ತಿದ ಜಿಗ್ ಅಲ್ಲಿ ನೇತುಹಾಕಿ ಇನ್ನೊಂದು ಕಟ್ಟುತ್ತಾನೆ, ಅಷ್ಟರಲ್ಲಿ ಇದು ತೊಟ್ಟಿಕ್ಕಿ ಮುಗಿದಿರುತ್ತದೆ. ಪಕ್ಕದಲ್ಲಿ ಹರಿಯದ ನೀರಿನ ಒಂದು ತೊಟ್ಟಿ ಇಟ್ಟು, ಮೊದಲ ಅದ್ದು ಅದರಲ್ಲಿ ಮಾಡಿಸಿದೆ. ಕ್ರೋಮ್ ತೊಟ್ಟಿಯ ನೀರು ಬಿಸಿಗೆ ಆವಿಯಾಗಿ ಇಳಿದಾಗ ಅದನ್ನೇ ವಾಪಸ್ ತುಂಬುತ್ತೇವೆ. ವಾರಕ್ಕೊಂದು ಚೀಲ ಮುಗಿಯುತ್ತಿದ್ದ ಮೆಟಾ ಈಗ ಮೂರು ವಾರ ಬರುತ್ತದೆ.

ಶನಿವಾರ ಸಂಜೆಯ ಕಾಟ ಮಾತ್ರ ತಪ್ಪಿಲ್ಲ. ಯಾರೋ ಎಣ್ಣೆ ತೆಗೆಯುವ ಕಾಸ್ಟಿಕ್ ನೀರಲ್ಲಿ ನೆಲ ತೊಳೆದು ಕ್ರೋಮ್ ಗುಂಡಿಗೇ ಬಿಟ್ಟಿರುತ್ತಾರೆ. ಅದಕ್ಕೇ ಸೋಮವಾರ ಬೆಳಗ್ಗೆ ಕಾಫಿಗೂ ಮುಂಚೆ ಅಲ್ಲಿ ಪಿಎಚ್ ಪೇಪರ್ ಅದ್ದಿ ನೋಡುತ್ತೇನೆ. ಕಾಗದ ನೀಲಿಗೆ ತಿರುಗಿದರೆ ಕಾಫಿ ತಡವಾಗುತ್ತದೆ.