ಅರ ಜಾರಿದ ಶಾಫ್ಟು, ನನ್ನ ಪುಟ್ಟ ಲೇಥ್

ಕೆಲಸ ಚಿಕ್ಕದೇ ಇತ್ತು. ಲೋಹವನ್ನು ತಿರುಗಿಸಿ ಕತ್ತರಿಸುವ ನನ್ನ ಲೇಥಿನಲ್ಲಿ, 16 ಮಿ.ಮೀ. ದಪ್ಪದ ಲೀನಿಯರ್ ಶಾಫ್ಟಿನ (ಬೇರಿಂಗ್ ಜಾರುವ ನುಣುಪು ಸರಳಿನ) ತುದಿಯನ್ನು 12ಕ್ಕೆ ಇಳಿಸಬೇಕು. ನಾನೇ ಗ್ರೈಂಡ್ ಮಾಡಿಟ್ಟಿದ್ದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಕಟ್ಟಿ ಫೀಡ್ ಕೊಟ್ಟೆ, ಅಂದರೆ ಟೂಲನ್ನು ಮುಂದೆ ಸರಿಸಿದೆ. ಕಿರ್ ಅಂತ ಕಿರುಚಿತು. ಶಾಫ್ಟಿನ ಮೇಲೆ ಒಂದು ಹೊಳೆಯುವ ಗೆರೆ ಬಿದ್ದಿತ್ತು, ಅಷ್ಟೇ. ಟೂಲಿನ ಮೂತಿ ಮಾತ್ರ ಸವೆದು ಮೊಂಡಾಗಿತ್ತು.

ಆಮೇಲೆ ಅರ ತಂದು ಉಜ್ಜಿ ನೋಡಿದೆ. ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಅಂದರೆ ಮೈ ಹೆಚ್ಚುಕಡಿಮೆ 60 ರಾಕ್‌ವೆಲ್ ಸಿ (ಗಟ್ಟಿತನದ ಅಳತೆ). ಎಚ್‌ಎಸ್‌ಎಸ್ ಇರುವುದೇ 63-65. ಅಷ್ಟು ಸಣ್ಣ ಅಂತರದಲ್ಲಿ ಯಾರು ಯಾರನ್ನು ಕತ್ತರಿಸಬೇಕು? ಕೋಬಾಲ್ಟ್ ಬೆರೆಸಿದ ಎಂ42 ಎಂಬ ಎಚ್‌ಎಸ್‌ಎಸ್ ತಗೊಂಡರೂ ಎರಡು ಮೂರು ಅಂಕ ಏರುತ್ತೆ, ಈ ಕೆಲಸಕ್ಕೆ ಸಾಲುವುದಿಲ್ಲ.

ಮುಂದೆ ಬ್ರೇಜ್ ಮಾಡಿದ ಕಾರ್ಬೈಡ್, ಅಂದರೆ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ತುಂಡು ಬೆಸೆದ ಟೂಲ್. ಎರಡೇ ನಿಮಿಷದಲ್ಲಿ ಅಂಚು ಉದುರಿತು. ಟೂಲನ್ನು ಬೈದೆ, ಆದರೆ ತಪ್ಪು ನನ್ನದೇ. ಕಾರ್ಬೈಡ್ ಗಟ್ಟಿ, ಆದರೆ ಪೆಡಸು. ಅಲುಗಾಟ ಅದಕ್ಕೆ ಆಗಿಬರುವುದಿಲ್ಲ. ನನ್ನ ಲೇಥ್ ಒತ್ತಿದರೆ ಬಾಗುವಂಥದ್ದು. ಅದೂ ಸಾಲದೆ, ಟೂಲ್ ಒಳಗಿರುವಾಗಲೇ ಮೋಟಾರ್ ನಿಲ್ಲಿಸಿದ್ದೆ. ಕಾರ್ಬೈಡ್ ಅಂಚು ಚೂರಾಗಲು ಅದೊಂದೇ ಸಾಕು.

ಆಮೇಲೆ ಸಿಸಿಎಂಟಿ ಇನ್ಸರ್ಟ್ (ಸ್ಕ್ರೂನಿಂದ ಕೂರಿಸುವ ಕಾರ್ಬೈಡ್ ಬಿಲ್ಲೆ) ಹಾಕಿದೆ. ಮೊದಲು 0.8 ಮಿ.ಮೀ. ತ್ರಿಜ್ಯದ ಮೂಗಿನದ್ದು, ಗಟ್ಟಿಮುಟ್ಟಾಗಿರುತ್ತೆ ಅಂತ. ಲೇಥ್ ಪೂರ್ತಿ ನಡುಗಿತು. ಮೂಗು ದೊಡ್ಡದಾದಷ್ಟೂ ಅದು ಶಾಫ್ಟನ್ನು ಆಚೆಗೆ ತಳ್ಳುವುದು ಜಾಸ್ತಿ. 0.4ಕ್ಕೆ ಇಳಿದೆ, ಸ್ಲೈಡುಗಳ ಸಡಿಲ ತೆಗೆಯುವ ಗಿಬ್ ಪಟ್ಟಿ ಬಿಗಿ ಮಾಡಿದೆ, ಟೂಲ್ ಹೊರಗೆ ಚಾಚಿದ್ದನ್ನು ಕಡಿಮೆ ಮಾಡಿದೆ. ಶಾಫ್ಟಿನ ತುದಿಗೆ ಟೈಲ್‌ಸ್ಟಾಕ್ (ಲೇಥಿನ ಇನ್ನೊಂದು ತುದಿಯ ಆಧಾರ) ಆಸರೆ ಕೊಡೋಣ ಅಂತ, ನಡುವೆ ಕುಳಿ ಕೊರೆಯುವ ಸೆಂಟರ್ ಡ್ರಿಲ್ ಹಿಡಿದೆ. ಮುರಿಯುತ್ತೆ ಅಂದುಕೊಂಡಿದ್ದೆ, ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು!

ಆಗ ಹೊಳೆಯಿತು. ಇಂಥ ಶಾಫ್ಟುಗಳನ್ನು ಇಂಡಕ್ಷನ್‌ನಲ್ಲಿ (ವಿದ್ಯುತ್ ಸುರುಳಿಯಿಂದ ಕಾಯಿಸಿ) ಮೇಲುಮೇಲೆ ಮಾತ್ರ ಗಟ್ಟಿ ಮಾಡಿರುತ್ತಾರೆ, ಒಳಗೆ ಮೆತ್ತಗಿನ ಉಕ್ಕು. ನಾನು ಗೆಲ್ಲಬೇಕಿದ್ದದ್ದು ಸಿಪ್ಪೆಯನ್ನಷ್ಟೇ.

ವೇಗ ನಿಮಿಷಕ್ಕೆ 30 ಮೀಟರ್, ಅಂದರೆ 16 ಮಿ.ಮೀ.ಗೆ ಸುಮಾರು 600 ಆರ್‌ಪಿಎಂ. ಕಟ್ 0.15 ಮಿ.ಮೀ., ಫೀಡ್ ಸುತ್ತಿಗೆ 0.05. ಎಣ್ಣೆ ಇಲ್ಲ, ಒಣದಾಗಿಯೇ. ಕಾದ ಕಾರ್ಬೈಡ್ ಮೇಲೆ ಆಗಾಗ ತಣ್ಣನೆಯ ಹನಿ ಬಿದ್ದರೆ ಬಿರುಕು ಬಿಡುತ್ತೆ. ಮೊದಲು ಪುಡಿಪುಡಿಯಾಗಿ ಉದುರಿತು. ಆಳ ಒಂದು ಮಿ.ಮೀ. ದಾಟಿದ ಮೇಲೆ ಸದ್ದು ಬದಲಾಯಿತು, ಚಿಪ್ಸ್ ಸುರುಳಿ ಸುತ್ತಲು ಶುರುವಾಯಿತು. ಕೂಡಲೇ ಮೊದಲಿನ ಎಚ್‌ಎಸ್‌ಎಸ್ ಟೂಲನ್ನೇ ಮತ್ತೆ ಚೂಪು ಮಾಡಿ ಕಟ್ಟಿದೆ. ಕೊನೆಯ ತೆಳು ಕಟ್‌ಗೆ ಅದರಷ್ಟು ನುಣುಪು ಇನ್ಸರ್ಟ್ ಕೊಡಲಿಲ್ಲ.

ಬೇರಿಂಗ್ ಉಕ್ಕಿನ ಹಾಗೆ ಒಳಗಿನವರೆಗೂ ಗಟ್ಟಿಯಾದದ್ದಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್, ಕಾರ್ಬೈಡ್‌ಗಿಂತ ಗಟ್ಟಿ) ತುದಿಯ ಟೂಲ್ ಬೇಕು, ಜೊತೆಗೆ ನಿಮಿಷಕ್ಕೆ ನೂರು ಮೀಟರ್ ದಾಟಿದ ವೇಗ. ಕೀವೇ (ಕೀ ಕೂರಿಸುವ ಸೀಳು) ಥರ ಮೈ ಹರಿದಿದ್ದರೆ ಪ್ರತಿ ಸುತ್ತಿಗೂ ಪೆಟ್ಟು ಬಿದ್ದು ಅದೂ ಒಡೆಯಬಹುದು. ಒಮ್ಮೆ ಹೀಗೇ ಒಂದು ತುದಿ ಕಳೆದುಕೊಂಡೆ. ಅದಕ್ಕೇ ಅಂಥ ತುಂಡು ಬಂದರೆ ಮೊದಲು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡುತ್ತೇನೆ. ಬೆಳಗ್ಗೆ ಅರ ಹಚ್ಚಿ ನೋಡಿ, ಅದು ಕಚ್ಚಿದರೆ ಮಾತ್ರ ಲೇಥಿನ ಚಕ್‌ಗೆ ಕಟ್ಟುತ್ತೇನೆ.