ಮನೆಯ ಸ್ವಿಚ್ಚು, ಬೀದಿಯ ಸ್ವಿಚ್ಚು: ಎರಡಕ್ಕೂ ಕೈ ಹಾಕುವುದು ಹೇಗೆ?

ಹವಾಮಾನ ಬದಲಾವಣೆಗೆ ಮನೆಯಲ್ಲಿ ಏನು ಮಾಡಬೇಕು, ಊರಿನಲ್ಲಿ ಏನು ಕೇಳಬೇಕು, ಎರಡಕ್ಕೂ ವೇಳೆ ಹೊಂದಿಸುವುದು ಹೇಗೆ ಅನ್ನುವುದು ಪ್ರಶ್ನೆ. ನಾನು ಮೋಟಾರ್ ರಿವೈಂಡಿಂಗ್ ಮಾಡುವವನು, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವನು. ವಿಜಯಪುರದ ಇಂಡಿ ರಸ್ತೆ ಕಡೆ ಸಣ್ಣ ಅಂಗಡಿ. ಸುಟ್ಟ ಪಂಪು, ತಿರುಗದ ಫ್ಯಾನು, ಕೆಟ್ಟ ಕೂಲರ್ ಎಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ಹವಾಮಾನ ಬದಲಾವಣೆ ನನಗೆ ಅರ್ಥವಾಗಿದ್ದು ವಾಟ್ ಮತ್ತು ಯೂನಿಟ್ಟಿನ ಲೆಕ್ಕದಲ್ಲಿ. ಹಾಗಾಗಿ ಇಲ್ಲಿ ಹೇಳುವುದೂ ಬರೀ ಕರೆಂಟಿನ ವಿಷಯ. ಊಟ, ಬಟ್ಟೆ, ಗಾಡಿ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದಿನ ಏಪ್ರಿಲ್ ಕೊನೆ. ಹೊರಗೆ 42 ಡಿಗ್ರಿ. ನನಗೆ ಆಗಷ್ಟೇ ಕರೆಂಟ್ ಉಳಿಸುವ ಹುಚ್ಚು ಹತ್ತಿತ್ತು. ಮಧ್ಯಾಹ್ನ ಕೂಲರ್ ಬೇಡ, ಕಿಟಕಿಗೆ ತಟ್ಟಿ ಕಟ್ಟಿ ನೀರು ಹೊಡೆದರೆ ಸಾಕು ಅಂತ ಮನೆಯಲ್ಲಿ ಆರ್ಡರ್ ಮಾಡಿದೆ. ಎರಡನೇ ದಿನ ಅವ್ವ ಅಡುಗೆಮನೆ ಹೊಸ್ತಿಲಲ್ಲಿ ತಲೆ ತಿರುಗಿ ಕೂತುಬಿಟ್ಟಳು. ಲಿಂಬೆ ಪಾನಕ ಕುಡಿಸಿ ಮಲಗಿಸಿದ ಮೇಲೆ ಒಂದೇ ಮಾತು ಅಂದಳು: “ಭೂಮಿ ಉಳಸಾಕ ಹೋಗಿ ನನ್ನ ಕಳಸ್ತಿ ಏನೋ ತಮ್ಮಾ? ಕೂಲರ್ ಹಚ್ಚು.” ಹಚ್ಚಿದೆ. ಆಮೇಲೆ ಮೀಟರ್ ಇಟ್ಟು ನೋಡಿದರೆ ಆ ಕೂಲರ್ ಎಳೆಯುತ್ತಿದ್ದುದು 160 ವಾಟ್. ನಾಲ್ಕು ತಾಸು ಓಡಿದರೂ ಮುಕ್ಕಾಲು ಯೂನಿಟ್ ಆಗುವುದಿಲ್ಲ.

ಅವತ್ತಿನಿಂದ ಮನೆಗೆ ಒಂದೇ ನಿಯಮ. ಒಮ್ಮೆ ಮಾಡಿ ಮರೆತುಬಿಡುವಂಥ ಕೆಲಸ ಮಾತ್ರ ಮಾಡಬೇಕು. ದಿನಾ ಜಗಳ ಆಡಿ ಉಳಿಸುವುದನ್ನು ಬಿಟ್ಟುಬಿಡಬೇಕು.

ಫ್ಯಾನನ್ನೇ ತಗೊಳ್ಳಿ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ. ಎರಡು ಸಲ ರಿವೈಂಡ್ ಆಗಿದ್ದರೆ ಇನ್ನೂ ಜಾಸ್ತಿ, ನಾನೇ ಕಟ್ಟಿದ್ದರೂ ಅಷ್ಟೇ. ಬಿಎಲ್‌ಡಿಸಿ ಅನ್ನುವ ಹೊಸ ನಮೂನೆ ಮೋಟಾರಿನ ಫ್ಯಾನ್ 30 ವಾಟಿನ ಆಸುಪಾಸು. ದಿನಕ್ಕೆ 15 ತಾಸು ತಿರುಗುವ ಫ್ಯಾನ್ ಬದಲಿಸಿದರೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಮನೆಯ ಎಲ್ಲ ಫ್ಯಾನ್ ಒಟ್ಟಿಗೆ ಬದಲಿಸಬೇಡಿ, ದುಡ್ಡು ದಂಡ. ಅತಿ ಹೆಚ್ಚು ತಿರುಗುವ ಒಂದೋ ಎರಡೋ ಸಾಕು. ಬಿಎಲ್‌ಡಿಸಿಯಲ್ಲಿ ಕೆಡುವುದು ಹೆಚ್ಚಾಗಿ ಸರ್ಕೀಟ್ ಬೋರ್ಡ್, ವೈಂಡಿಂಗ್ ಅಲ್ಲ. ಅಂದರೆ ಇದನ್ನು ಹೇಳಿ ನನ್ನ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ. ಸ್ವಂತ ಮನೆ, ಸ್ವಂತ ಮಾಳಿಗೆ ಇದ್ದವರು ಮಾಳಿಗೆ ಮೇಲೆ ಸೋಲಾರ್ ಹಾಕಿಸುವ ಪಿಎಂ ಸೂರ್ಯ ಘರ್ ಯೋಜನೆ ನೋಡಿ, 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ.

ನಾನು ಎರಡು ಫ್ಯಾನ್ ಬದಲಿಸಿದೆ. ತಿಂಗಳಿಗೆ 40 ಯೂನಿಟ್ ಉಳಿಯಿತು. ಖುಷಿಯಾಗಿ ಇನ್ನೊಂದು ಲೆಕ್ಕ ಹಾಕಿದೆ, ಹಾಕಬಾರದಿತ್ತು. ನಮ್ಮದೇ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ಕಲ್ಲಿದ್ದಲು ಸ್ಥಾವರ ಇದೆಯಲ್ಲ, 800 ಮೆಗಾವಾಟಿನ ಮೂರು ಘಟಕ, ಒಟ್ಟು 2400. ಪೂರ್ತಿ ಲೋಡಿನಲ್ಲಿ ಓಡಿದರೆ ಒಂದು ಸೆಕೆಂಡಿಗೆ ಸುಮಾರು 667 ಯೂನಿಟ್. ನನ್ನ ಇಡೀ ವರ್ಷದ ಉಳಿತಾಯ 480. ಅಂದರೆ ಕೂಡಗಿಯ ಒಂದು ಸೆಕೆಂಡೂ ಅಲ್ಲ. ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದುಕೊಂಡು ಮತ್ತೊಮ್ಮೆ ಒತ್ತಿದೆ.

ಹತ್ತು ದಿನ ಯಾರಿಗೂ ಏನೂ ಹೇಳಲಿಲ್ಲ. ಅಷ್ಟರಲ್ಲಿ ಒಂದು ಮುಂಜಾನೆ ಅಂಗಡಿಗೆ ಹೋಗುವಾಗ ತಲೆ ಎತ್ತಿ ನೋಡಿದೆ. ಎಂಟೂವರೆ, ಬಿಸಿಲು ಚುರುಗುಟ್ಟುತ್ತಿದೆ. ನಮ್ಮ ಬಡಾವಣೆಯ ಬೀದಿ ದೀಪಗಳು ಮಾತ್ರ ಉರಿಯುತ್ತಲೇ ಇವೆ. 150 ವಾಟಿನ ಹಳದಿ ಸೋಡಿಯಂ ದೀಪ. ಎಣಿಸಿದೆ, 22 ಕಂಬ. ಟೈಮರ್ ಕೆಟ್ಟಿತ್ತು. ಸಂಜೆ ಯಾರೋ ಒಬ್ಬ ಹುಡುಗ ಕೈಯಿಂದ ಹಚ್ಚುತ್ತಿದ್ದ, ನೆನಪಾದಾಗ ಬಂದು ಆರಿಸುತ್ತಿದ್ದ. ಹೆಚ್ಚಾಗಿ ಅವನಿಗೆ ನೆನಪಾಗುತ್ತಿದ್ದುದು ಹನ್ನೆರಡರ ಮೇಲೆ. ಬೆಳಕಾದ ಮೇಲೆ ಆರು ತಾಸು ಉರಿದರೆ ದಿನಕ್ಕೆ 20 ಯೂನಿಟ್. ನಾನು ಫ್ಯಾನ್ ಬದಲಿಸಿ ತಿಂಗಳಿಡೀ ಉಳಿಸಿದ್ದನ್ನು ಬೀದಿ ಎರಡೇ ದಿನಕ್ಕೆ ತಿಂದು ಮುಗಿಸುತ್ತಿತ್ತು.

ಅಲ್ಲಿಂದ ನನ್ನ ವೇಳೆ ಹಂಚುವ ರೀತಿ ಬದಲಾಯಿತು. ಗುರುವಾರ ಅಂಗಡಿಗೆ ಅರ್ಧ ದಿನ ರಜೆ. ತಿಂಗಳಲ್ಲಿ ಒಂದು ಗುರುವಾರ ಮನೆಗೆ, ಉಳಿದವು ಬೀದಿಗೆ.

ಈಗ ಅರ್ಜಿ ಬರೆಯುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇಲ್ಲೇ ಎಲ್ಲರೂ ಎಡವುವುದು. ಬೀದಿ ದೀಪದ ಬಗ್ಗೆ ಪಾಲಿಕೆಗೆ ಬರೆದ ನನ್ನ ಮೊದಲ ಅರ್ಜಿ ಎರಡು ಪುಟ ಇತ್ತು. ಧ್ರುವ ಪ್ರದೇಶದ ಹಿಮ ಕರಗುವುದರಿಂದ ಶುರು ಮಾಡಿದ್ದೆ. ಗುಮಾಸ್ತರು ಮೊದಲ ಸಾಲು ಓದಿ ನನ್ನ ಮುಖ ನೋಡಿದರು, ಮತ್ತೆ ಅರ್ಜಿ ನೋಡಿದರು, “ಇದು ನಮ್ಮ ಸೆಕ್ಷನ್ ಅಲ್ರಿ” ಅಂದರು. ಎರಡನೆಯದು ಐದು ಸಾಲು. ಕಂಬದ ಸಂಖ್ಯೆಗಳು, ಏಳು ದಿನದ ತಾರೀಖು ಮತ್ತು ಹೊತ್ತು, ದೀಪದ ವಾಟ್, ಟೈಮರ್ ಕೆಟ್ಟಿದೆ, ಬದಲಿಸಿ ಕೊಡಿ. ಜೊತೆಗೆ ಹೊತ್ತು ಕಾಣುವ ಹಾಗೆ ತೆಗೆದ ನಾಲ್ಕು ಫೋಟೊ. ಒಂದು ಅರ್ಜಿಗೆ ಒಂದೇ ಬೇಡಿಕೆ ಇರಲಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ.

ಸಹಿಗೆ ಹೋದಾಗ ಹವಾಮಾನದ ಮಾತೇ ಎತ್ತಲಿಲ್ಲ. ಒಬ್ಬರಿಗೆ ತೆರಿಗೆ ದುಡ್ಡು ಪೋಲಾಗುತ್ತದೆ ಅನ್ನುವ ಸಿಟ್ಟು. ಇನ್ನೊಬ್ಬರಿಗೆ ಮನೆ ಮುಂದಿನ ಕಂಬ ರಾತ್ರಿ ಉರಿಯುವುದೇ ಇಲ್ಲ ಅನ್ನುವ ಸಿಟ್ಟು, ಅವರಿಗೆ ಬೇರೆ ಅರ್ಜಿ ಬರೆದುಕೊಟ್ಟೆ. ಒಂಬತ್ತು ಸಹಿ ಆದವು.

ಒಂದೂವರೆ ತಿಂಗಳು ಏನೂ ಆಗಲಿಲ್ಲ. ಆಗ ಮಾಹಿತಿ ಹಕ್ಕು ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟರೆ ನಡೆಯುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಯಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. “ಯಾಕೆ ಮಾಡಿಲ್ಲ” ಅಂತ ಕೇಳಬೇಡಿ, ಜಾರಿಕೊಳ್ಳುವ ಉತ್ತರ ಬರುತ್ತದೆ. ಕಾಗದ ಕೇಳಿ. “ಈ ಬೀದಿ ದೀಪಗಳ ಆರ್‌ಆರ್ ನಂಬರಿನ ಕಳೆದ 12 ತಿಂಗಳ ಬಿಲ್ಲಿನ ಪ್ರತಿ ಕೊಡಿ” ಅಂತ ನಾನು ಕೇಳಿದೆ. ಉತ್ತರ ಬರುವ ಮೊದಲೇ ಹೊಸ ಟೈಮರ್ ಬಂತು.

ಕಚೇರಿಯಲ್ಲಿ ಒಬ್ಬರು ಕೇಳಿದ್ದರು, “ನಿಮ್ಮ ಮನ್ಯಾಗ ಎಷ್ಟ್ ಉಳಸ್ತೀರಿ?” ಜೇಬಿನಲ್ಲೇ ಬಿಲ್ ಇತ್ತು, ತೆಗೆದು ತೋರಿಸಿದೆ. ಮಾತು ಅಲ್ಲಿಗೇ ನಿಂತಿತು. ಆ ಎರಡು ಫ್ಯಾನು ನಿಜವಾಗಿ ಕೆಲಸಕ್ಕೆ ಬಂದದ್ದು ಅವತ್ತು. ಬಿಲ್ ಸೊನ್ನೆ ಬಂದರೂ ಅದರಲ್ಲಿ ಯೂನಿಟ್ ಬರೆದಿರುತ್ತದೆ, ಇಟ್ಟುಕೊಳ್ಳಿ. ಗೃಹಜ್ಯೋತಿ ಬಂದ ಮೇಲೆ ಉಳಿಸಿದ್ದು ರೂಪಾಯಿಯಲ್ಲಿ ಕಾಣುವುದಿಲ್ಲ, ಹಾಗಾಗಿ ವಾಟ್ ನೋಡುವ ಗಿರಾಕಿಗಳೂ ಕಮ್ಮಿಯಾಗಿದ್ದಾರೆ.

ಬೀದಿ ದೀಪಕ್ಕಿಂತ ದೊಡ್ಡದು ಹೊಲದ ಪಂಪು. ಬಬಲೇಶ್ವರ ಕಡೆಯ ಒಬ್ಬ ರೈತರು ಒಂದೇ ಬೇಸಿಗೆಯಲ್ಲಿ ಮೂರು ಸಲ ಅದೇ 5 ಎಚ್‌ಪಿ ಮೋಟಾರ್ ತಂದರು. ಕರೆಂಟ್ ಬಂದ ಕೂಡಲೇ ಪಂಪು ತಾನೇ ಶುರುವಾಗುವ ಆಟೊ ಸ್ಟಾರ್ಟರ್ ಹಾಕಿ ಬಿಟ್ಟಿದ್ದರು. ಕಬ್ಬಿಗೆ ನೀರು ಸಾಕಾದರೂ ಕರೆಂಟ್ ಇರುವಷ್ಟು ಹೊತ್ತು ಓಡುತ್ತಿತ್ತು. ನಾನು ಉಪದೇಶ ಶುರು ಮಾಡಿದೆ. “ಕರೆಂಟ್ ಬರೋದು ರಾತ್ರಿ ಎರಡಕ್ಕ. ಹಾವಿನ ಮ್ಯಾಲ ಕಾಲಿಟ್ಟು ಆರಸಾಕ ಹೋಗ್ಲೇನ್ರಿ?” ಅಂದರು. ಸುಮ್ನಾದೆ. 10 ಎಚ್‌ಪಿ ತನಕ ಪಂಪಿಗೆ ಕರೆಂಟ್ ಉಚಿತ, ಕೊಡುವುದು ಎಷ್ಟೋ ಸಲ ರಾತ್ರಿ. ಇಂಥದ್ದರಲ್ಲಿ ರೈತರಿಗೆ ಬುದ್ಧಿ ಹೇಳಿ ಏನು ಪ್ರಯೋಜನ?

ಇಲ್ಲಿ ಕೇಳಬೇಕಾದದ್ದು ಹಗಲು ತ್ರೀ ಫೇಸ್, ಅಂದರೆ ಪಂಪು ಓಡಿಸುವ ಕರೆಂಟ್. ಅದಕ್ಕೆ ದಾರಿಯೂ ಇದೆ. ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಪಂಪ್‌ಸೆಟ್ಟಿನ ಫೀಡರಿಗೇ, ಅಂದರೆ ಪಂಪುಗಳಿಗೆ ಕರೆಂಟ್ ತರುವ ಲೈನಿಗೇ, ಸೋಲಾರ್ ಜೋಡಿಸುತ್ತಾರೆ. ಬಿಸಿಲಿಗಂತೂ ನಮ್ಮಲ್ಲಿ ಬರ ಇಲ್ಲ. ಹಳ್ಳಿಯವರು ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ. ಸಬ್‌ಸ್ಟೇಷನ್ ಹತ್ತಿರ ಜಾಗ ಇದ್ದರೆ ಅದನ್ನೂ ಬರೆಸಿ. ಸಭೆಯಲ್ಲಿ ‘ಆಯ್ತು’ ಅಂದರೆ ಆಗಲಿಲ್ಲ, ನಡಾವಳಿ ಪುಸ್ತಕದಲ್ಲಿ ಬಂತಾ ನೋಡಿ, ನಕಲು ತಗೊಳ್ಳಿ, ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂಗೆ ಕಳಿಸಿ.

ಇನ್ನೊಂದು ಬಾಗಿಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕರೆಂಟ್ ದರ ಬದಲಿಸುವ ಮೊದಲು ಹೆಸ್ಕಾಂ ಇಲ್ಲಿಗೆ ಅರ್ಜಿ ಹಾಕಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು, ಬಹಿರಂಗ ವಿಚಾರಣೆಯಲ್ಲಿ ಎದ್ದು ಮಾತಾಡಬಹುದು. ದರ ಇಳಿಸಿ ಅಂತ ಎಲ್ಲರೂ ಕೇಳುತ್ತಾರೆ. ನೀವು ನಿಮ್ಮ ಫೀಡರಿನ ಹೆಸರು ಹೇಳಿ, ಕಳೆದ ತಿಂಗಳು ಹಗಲು ಎಷ್ಟು ತಾಸು ಕರೆಂಟ್ ಬಂತು ಅನ್ನುವ ಪಟ್ಟಿ ಮುಂದಿಡಿ. ನಾನೂ ಒಂದು ಪಟ್ಟಿ ಮಾಡುತ್ತಿದ್ದೇನೆ. ಸುಟ್ಟ ಮೋಟಾರ್ ತಂದವರಿಗೆಲ್ಲ ಒಂದೇ ಪ್ರಶ್ನೆ, ಸುಟ್ಟಿದ್ದು ಎಷ್ಟು ಹೊತ್ತಿಗೆ? ಚೀಟಿಯ ಹಿಂದೆ ಬರೆದಿಡುತ್ತೇನೆ. ಮಾರ್ಚ್‌ನಿಂದ ಇಲ್ಲಿವರೆಗೆ 31 ಚೀಟಿ ಆಗಿವೆ, 24ರ ಹಿಂದೆ ರಾತ್ರಿ ಅಂತ ಇದೆ.